ಪಸ್ಸಾವ್‌ನಲ್ಲಿ ಮೂರು ನದಿ, ಅಮ್ಮನ ಕೈಯಲ್ಲೊಂದು ಬಾಟಲಿ

ಬುಡಾಪೆಸ್ಟ್‌ನಿಂದ ಹೊರಟ ನಮ್ಮ ಡ್ಯಾನ್ಯೂಬ್ ಕ್ರೂಸ್ ಏಳು ದಿನದ್ದು. ವಿಯೆನ್ನಾದಲ್ಲಿ ಅರಮನೆ ನೋಡಿದೆವು, ಕೇಕ್ ತಿಂದೆವು, ಕಾಲು ನೋಯಿಸಿಕೊಂಡೆವು. ಅದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಮನಸ್ಸು ನಿಂತಿರುವುದು ಕೊನೆಯ ದಿನದ ಪಸ್ಸಾವ್‌ನಲ್ಲಿ. ಆಸ್ಟ್ರಿಯಾ ಗಡಿಗೆ ಒತ್ತಿಕೊಂಡಿರುವ ಜರ್ಮನಿಯ ಊರು, ಸುಮಾರು 50 ಸಾವಿರ ಜನ.

ಬೆಳಿಗ್ಗೆ ಗೈಡ್ ಎಲ್ಲರ ಕಿವಿಗೂ ಇಯರ್‌ಫೋನ್ ಸಿಕ್ಕಿಸಿ ಓಟ ಕಿತ್ತ. ಕಲ್ಲು ಹಾಸಿದ ಬೀದಿ, ಅಮ್ಮನ ಮಂಡಿ ನೋವು. ಹತ್ತೇ ನಿಮಿಷಕ್ಕೆ ಗುಂಪು ಬಿಟ್ಟು ಸೇಂಟ್ ಸ್ಟೀಫನ್ ಕೆಥೆಡ್ರಲ್‌ಗೆ ಹೋದೆವು. 1662ರ ಬೆಂಕಿಯಲ್ಲಿ ಸುಟ್ಟಿದ್ದನ್ನು ಮತ್ತೆ ಕಟ್ಟಿದ್ದು. ಎಲ್ಲಿ ನೋಡಿದರೂ ಬಿಳಿ ಗಾರೆಯ ಹೂಬಳ್ಳಿ, ದೇವದೂತರು. ಮೈಸೂರು ಪಾಕಿನ ಮೇಲೆ ಇನ್ನಷ್ಟು ಸಕ್ಕರೆ ಉದುರಿಸಿದ ಹಾಗೆ, ನನಗೆ ರುಚಿಸಲಿಲ್ಲ. ಕೊಳವೆಗಳಿಗೆ ಗಾಳಿ ಊದಿಸಿ ನುಡಿಸುವ ದೊಡ್ಡ ವಾದ್ಯ ಆರ್ಗನ್ ಮಾತ್ರ ಬೇರೆ ವಿಷಯ. 17,974 ಕೊಳವೆಗಳಂತೆ! ಮಧ್ಯಾಹ್ನ 12ರ ಕಛೇರಿಯಲ್ಲಿ ಅದು ಕೆಳಗಿನ ಸ್ವರಕ್ಕೆ ಇಳಿದಾಗ ನಾವು ಕೂತಿದ್ದ ಬೆಂಚು ನಡುಗಿತು. "ಮಂದ್ರ ಅಂದ್ರೆ ಇದು" ಅಂದಳು ಅಮ್ಮ.

ಅಲ್ಲಿಂದ ನಿಧಾನವಾಗಿ ನಡೆದು ಊರಿನ ತುದಿಗೆ ಬಂದೆವು. ಊರು ನಾಲಿಗೆಯ ಹಾಗೆ ಚಾಚಿ ಮುಗಿಯುತ್ತದೆ. ಎಡಕ್ಕೆ ಡ್ಯಾನ್ಯೂಬ್. ಅದರ ಆಚೆ ದಡದಿಂದ ಬಂದು ಸೇರುವುದು ಇಲ್ಜ್. ಬಲಕ್ಕೆ ಇನ್. ಇಲ್ಜ್ ಕಾಡಿನ ಜೌಗು ನೆಲದಿಂದ ಬರುವುದರಿಂದ ನೀರು ಕಪ್ಪು, ಎರಡನೇ ಸಲ ಇಳಿಸಿದ ಡಿಕಾಕ್ಷನ್ ತರ. ಇನ್ ಆಲ್ಪ್ಸ್‌ನಿಂದ ಹಿಮ ಕರಗಿ ಬಂದ ನೀರು, ಬೂದಿ ಕಲಸಿದ ಹಸಿರು. ಕೂಡಿದ ಮೇಲೂ ಸುಮಾರು ದೂರ ಬಣ್ಣಗಳು ಬೇರೆಬೇರೆಯಾಗಿಯೇ ಹರಿಯುತ್ತವೆ.

ನಮ್ಮದು ತಿರುಮಕೂಡಲು ನರಸೀಪುರ. ಅಲ್ಲಿ ಕಾವೇರಿ, ಕಪಿಲೆ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿ ಸೇರುತ್ತದೆ ಅಂತ ನಂಬಿಕೆ. ಅಮ್ಮ ಕಂಬಿ ಹಿಡಿದು ಬಾಗಿ, "ಇವರದ್ದು ಮೂರೂ ಕಾಣತ್ತಲ್ಲೇ!" ಅಂದಳು. ದನಿಯಲ್ಲಿ ಒಂಚೂರು ಹೊಟ್ಟೆಕಿಚ್ಚು.

ವರ್ಷದ ಲೆಕ್ಕ ಹಾಕಿದರೆ ಇಲ್ಲಿ ಇನ್ ತರುವ ನೀರೇ ಡ್ಯಾನ್ಯೂಬ್‌ಗಿಂತ ಜಾಸ್ತಿ, ಆದರೂ ಮುಂದಕ್ಕೆ ಉಳಿಯುವುದು ಡ್ಯಾನ್ಯೂಬ್ ಹೆಸರೇ ಅಂತ ಹೇಳಿದೆ. ಸುಮ್ನೆ ಹೇಳಿದ್ದು.

"ಕಪಿಲೆಗೂ ಅಷ್ಟೇ ಅಲ್ವಾ. ಸಂಗಮ ದಾಟಿದ್ರೆ ಕಾವೇರಿನೇ."

ಸ್ವಲ್ಪ ಹೊತ್ತು ಬಿಟ್ಟು, "ನನ್ ಹೆಸರೂ ಬದಲಾಯಿಸಿದ್ರು ಕಣೇ. ಮದುವೆ ದಿನ ಅಕ್ಕಿ ಮೇಲೆ ಬರೆಸಿದ್ರು" ಅಂದಳು.

ನನಗೆ ನಲವತ್ತೆರಡು ವರ್ಷ. ಇದು ಗೊತ್ತೇ ಇರಲಿಲ್ಲ. ಸೋದರಮಾವ ಅವಳನ್ನು ಪದ್ದಿ ಅಂತ ಕರೆಯುತ್ತಿದ್ದುದನ್ನು ಮುದ್ದಿನ ಹೆಸರು ಅಂದುಕೊಂಡಿದ್ದೆ.

"ಬೇಜಾರಾಗ್ಲಿಲ್ವಾ?"

"ಯಾರು ಕೇಳಿದ್ರು? ಆರು ತಿಂಗಳು ಯಾರಾದ್ರೂ ಕರೆದ್ರೆ ತಿರುಗಿ ನೋಡ್ತಾನೇ ಇರ್ಲಿಲ್ಲ. ಹುಡುಗಿಗೆ ಕಿವಿ ಮಂದ ಅಂದ್ಕೊಂಡಿದ್ರು ನಿಮ್ಮಜ್ಜಿ." ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

ಇನ್ ಕಡೆಯ ದಡದಲ್ಲಿ ನೀರಿಗೆ ಇಳಿಯುವ ಜಾಗ ಸಿಕ್ಕಿತು. ಅಮ್ಮ ತಲೆಗೆ ನೀರು ಚಿಮುಕಿಸಿಕೊಂಡು, ಕುಡಿದು ಖಾಲಿ ಮಾಡಿದ್ದ ಬಾಟಲಿ ತುಂಬಿಸಿದಳು.

ವಾಪಸ್ ಬರುವಾಗ ಹಳೆ ಟೌನ್ ಹಾಲ್ ಗೋಡೆಯ ಮೇಲೆ ಪ್ರವಾಹದ ಗೆರೆಗಳನ್ನು ನೋಡಿದೆವು. 2013ರ ಜೂನ್‌ನಲ್ಲಿ ಡ್ಯಾನ್ಯೂಬ್ ಮಟ್ಟ 12.89 ಮೀಟರ್ ಮುಟ್ಟಿತ್ತು. 1501ರ ನಂತರ ಅಷ್ಟು ಏರಿದ್ದು ಅದೇ ಮೊದಲು. ಆ ಗೆರೆ ನಮ್ಮ ತಲೆಗಿಂತ ಎಷ್ಟೋ ಮೇಲಿದೆ. 2019ರಲ್ಲಿ ಕಪಿಲೆ ಉಕ್ಕಿದ್ದನ್ನು ಕಂಡ ಅಮ್ಮ, "ನೀರು ಹೋಗತ್ತೆ, ಕೆಸರು ಹೋಗಲ್ಲ" ಅಂದಳಷ್ಟೆ.

ದಡಕ್ಕೆ ಬಂದರೆ ನಮ್ಮ ಹಡಗೇ ಇಲ್ಲ! ಅಮ್ಮನನ್ನು ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆಸಿದೆ. ಆಮೇಲೆ ತಿಳಿಯಿತು: ನಾವು ಊರಲ್ಲಿದ್ದಾಗ ಇನ್ನೊಂದು ಹಡಗು ಬಂದಿದೆ, ನಮ್ಮದನ್ನು ಅದರ ಆಚೆ ಮಗ್ಗುಲಿಗೆ, ನದಿಯ ಕಡೆ, ಒತ್ತಾಗಿ ಕಟ್ಟಿದ್ದಾರೆ. ಅದರೊಳಗಿಂದಲೇ ಹಾದು ನಮ್ಮದಕ್ಕೆ ಹೋಗಬೇಕು. ಒಂದು ಮಾತು ಮೊದಲೇ ಹೇಳಬಾರದಿತ್ತಾ? ಈಗಲೂ ಸಿಟ್ಟು ಬರುತ್ತದೆ. ನೀವು ಹೋದರೆ ಇಳಿಯುವ ಮುಂಚೆ ಹಡಗಿನ ಜಾಗ ಬದಲಾಗುತ್ತದಾ ಅಂತ ಕೇಳಿ, ಕಟ್ಟೆಯ ನಂಬರಿನ ಫೋಟೋ ತೆಗೆದುಕೊಳ್ಳಿ, ಹಡಗಿನ ಫೋನ್ ನಂಬರ್ ಜೇಬಲ್ಲಿರಲಿ.

ಬಾಟಲಿ ಸೂಟ್‌ಕೇಸಿನಲ್ಲಿ ಎರಡು ಸೀರೆಗಳ ನಡುವೆ ಊರಿಗೆ ಬಂತು. ಈಗ ದೇವರ ಮನೆಯಲ್ಲಿ ಕಾವೇರಿ ನೀರಿನ ತಂಬಿಗೆ ಪಕ್ಕದಲ್ಲಿದೆ. ಅದರ ಮೇಲೆ ಅಮ್ಮ ಒಂದು ಚೀಟಿ ಅಂಟಿಸಿದ್ದಾಳೆ. ಬಾಲ್‌ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ: ಇನ್.