ಹೂವಿನ ಬುಟ್ಟಿ, ಕೆರೆಯ ಹೂಳು

2023ರ ಮೇ 10ರ ವಿಧಾನಸಭಾ ಚುನಾವಣೆಯ ಮತದಾನಕ್ಕೆ ವಾರವಿದ್ದಾಗ ನಮ್ಮೂರ ಅರಳಿಕಟ್ಟೆಯಲ್ಲಿ ನಡೆದ ವಾದ ಇನ್ನೂ ನೆನಪಿದೆ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಎಂದು ಕಾಂಗ್ರೆಸ್ ಘೋಷಿಸಿದ್ದರೆ, ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಮೂರು ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕೊಡುವುದಾಗಿ ಬಿಜೆಪಿಯೂ ಹೇಳಿತ್ತು. ಹೀಗಿರುವಾಗ ಬಿಟ್ಟಿ ಭಾಗ್ಯವೆಂದು ಒಂದೇ ಪಕ್ಷವನ್ನು ಜರೆಯುವುದು ನನಗೆ ಸರಿಕಾಣಲಿಲ್ಲ. ದುಡ್ಡೆಲ್ಲ ಹಂಚಿದರೆ ಕೆರೆಯ ಹೂಳೆತ್ತುವುದು ಯಾವಾಗ ಎಂದು ನಿವೃತ್ತ ಮೇಷ್ಟ್ರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಹೂವಿನ ಬುಟ್ಟಿ ಇಳಿಸಿ ನಿಂತಿದ್ದ ಹೆಂಗಸು, "ಸಂತೆಗೆ ಹೋಗಿಬರೋ ಬಸ್ ಚಾರ್ಜಿಗೇ ನನ್ನ ಅರ್ಧ ಲಾಭ ಹೋಗುತ್ತೆ ಮೇಷ್ಟ್ರೇ. ಇಷ್ಟು ವರ್ಷ ಹೂಳು ಎತ್ತಲಿಲ್ಲವಲ್ಲ, ಆಗೇನು ನಮಗೆ ದುಡ್ಡು ಹಂಚಿದ್ದರಾ?" ಎಂದಾಗ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.