‘ಹಿಂದೆ ಫಂಡಿಂಗ್ ಸಿಕ್ಕಿದೆಯಾ?’ ಅಂತ ಕೇಳಿದರೆ ಏನು ಬರೆಯೋದು?

ಫೆಲೋಶಿಪ್ ಅರ್ಜಿ ತುಂಬುವ ಕಾಲ ಬಂತೆಂದರೆ ಮೈಸೂರು ವಿ.ವಿ.ಯ ಮಾನಸಗಂಗೋತ್ರಿಯವರೂ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನವರೂ ನನ್ನನ್ನು ಕೇಳುವುದು ಒಂದೇ. “ಸಾರ್, ಈ ಮೊದಲು ಸಂಶೋಧನೆಗೆ ಧನಸಹಾಯ ಪಡೆದಿದ್ದೀರಾ ಅಂತ ಒಂದು ಕಾಲಂ ಇದೆ. ಹೌದು ಅನ್ನಲಾ, ಇಲ್ಲ ಅನ್ನಲಾ?”

ಮಂಜೂರಾತಿ ಪತ್ರ ಯಾರ ಹೆಸರಿಗೆ ಬಂದಿದೆ ಅಂತ ಮೊದಲು ನೋಡಿ. ಮುಕ್ಕಾಲು ಪಾಲು ಗೊಂದಲ ಅಲ್ಲೇ ಮುಗಿಯುತ್ತದೆ.

ಜಾಸ್ತಿ ತಲೆಕೆಡಿಸುವುದು ಜೆಆರ್‌ಎಫ್, ಅಂದರೆ ಪಿಎಚ್‌ಡಿ ಶುರುಮಾಡುವವರಿಗೆ ತಿಂಗಳು ತಿಂಗಳು ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್. ನೆಟ್ ಪರೀಕ್ಷೆ ಬರೆದು ಕೇಂದ್ರದ ಯುಜಿಸಿಯಿಂದಲೋ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಿಎಸ್‌ಐಆರ್‌ನಿಂದಲೋ (ವೈಜ್ಞಾನಿಕ ಸಂಶೋಧನಾ ಮಂಡಳಿ) ಪಡೆದ ಜೆಆರ್‌ಎಫ್ ನಿಮ್ಮ ಸ್ವಂತದ್ದು. ಕಣ್ಣು ಮುಚ್ಚಿಕೊಂಡು ‘ಹೌದು’ ಅನ್ನಿ. ಆದರೆ ಗೈಡ್ (ನಿಮ್ಮ ಸಂಶೋಧನಾ ಮಾರ್ಗದರ್ಶಕರು) ತಂದ ಪ್ರಾಜೆಕ್ಟಿನಲ್ಲಿ ಕೆಲಸಕ್ಕೆ ಸೇರಿದವರನ್ನೂ ಜೆಆರ್‌ಎಫ್ ಅಂತಲೇ ಕರೆಯುತ್ತಾರಲ್ವಾ? ಆ ಪ್ರಾಜೆಕ್ಟಿನ ಪತ್ರ ತೆಗೆದು ನೋಡಿ. ಮೇಲೆ ಪ್ರಾಜೆಕ್ಟಿನ ಶೀರ್ಷಿಕೆ, ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ (ಪ್ರಾಜೆಕ್ಟಿನ ಮುಖ್ಯಸ್ಥರು, ಅಂದರೆ ನಿಮ್ಮ ಗೈಡ್) ಹೆಸರು. ಕೆಳಗೆ ಖರ್ಚಿನ ಪಟ್ಟಿಯಲ್ಲಿ, ಕೆಮಿಕಲ್ಸ್ ಮತ್ತು ಓಡಾಟದ ಖರ್ಚಿನ ಆಸುಪಾಸಿನಲ್ಲಿ, ‘ಜೆಆರ್‌ಎಫ್ – 1’. ಆ ಒಂದು ನೀವು! ಅನುದಾನ ಗೈಡ್‌ದು, ನಿಮಗೆ ಸಿಕ್ಕಿದ್ದು ಸಂಬಳ. ‘ಫೆಲೋಶಿಪ್ ಪಡೆದಿದ್ದೀರಾ’ ಅಂದರೆ ‘ಇಲ್ಲ’ ಅನ್ನಬಹುದು. ಅನುಭವದ ಕಾಲಂನಲ್ಲಿ ಮಾತ್ರ ಪ್ರಾಜೆಕ್ಟಿನ ಹೆಸರು, ಹಣ ಕೊಟ್ಟ ಸಂಸ್ಥೆ, ಯಾವಾಗಿಂದ ಯಾವಾಗಿನವರೆಗೆ, ಮೂರನ್ನೂ ಬರೆಯಿರಿ.

ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ದುಡ್ಡು ಪಡೆದವರೂ ಕೇಳುತ್ತಾರೆ. ಅದು ಕಾಲೇಜಿನ ಮೂಲಕ ಇಡೀ ತಂಡಕ್ಕೆ ಬಂದು, ಸೆನ್ಸರು ಮೋಟಾರುಗಳಿಗೆ ಖರ್ಚಾಗುವ ಹಣ. ಫೆಲೋಶಿಪ್ ಅಲ್ಲ. ಆದರೆ ‘ಯಾವುದೇ ಸಂಶೋಧನಾ ಅನುದಾನ’ ಅಂತ ಕೇಳಿದ್ದರೆ ‘ಹೌದು, ತಂಡಕ್ಕೆ’ ಅಂತ ಹಾಕಿ.

ಪ್ರಶ್ನೆಯ ಕ್ರಿಯಾಪದವನ್ನೂ ಗಮನಿಸಿ. ‘ಪಡೆಯುತ್ತಿದ್ದೀರಾ’ ಬೇರೆ, ‘ಎಂದಾದರೂ ಪಡೆದಿದ್ದೀರಾ’ ಬೇರೆ. ಅವಸರದಲ್ಲಿ ಓದಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ.

‘ಹೌದು’ ಅಂದರೆ ಅರ್ಜಿಯನ್ನೇ ಬಿಸಾಕುತ್ತಾರೆ ಅನ್ನುವ ಭಯ ತುಂಬಾ ಜನಕ್ಕಿದೆ. ಮೊದಲೇ ಪಡೆದವರು ಅರ್ಹರಲ್ಲ ಅಂತ ನಿಯಮದಲ್ಲೇ ಇದ್ದರೆ ಸರಿ, ಅರ್ಜಿ ಹಾಕುವುದೇ ದಂಡ. ಇಲ್ಲದಿದ್ದರೆ ಫೆಲೋಶಿಪ್ ಕೊಡುವವರು ನೋಡುವುದು ಸಾಮಾನ್ಯವಾಗಿ ಎರಡೇ. ಒಂದು, ಒಬ್ಬರೇ ಒಂದೇ ಹೊತ್ತಿಗೆ ಎರಡು ಕಡೆ ಸ್ಟೈಪೆಂಡ್ ಎಣಿಸುತ್ತಿದ್ದಾರಾ ಅಂತ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಇದನ್ನು ಎರಡೆರಡು ಸಲ ಯಾರು ಕೊಡುತ್ತಾರೆ? ಇನ್ನೊಂದು, ವರ್ಷದ ಲೆಕ್ಕ. ಸಿಎಸ್‌ಐಆರ್‌ನಲ್ಲಿ ಜೆಆರ್‌ಎಫ್, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಸೇರಿ ಒಟ್ಟು 5 ವರ್ಷ. ಮೊದಲು ಬೇರೆ ಸಂಸ್ಥೆಯ ಫೆಲೋಶಿಪ್‌ನಲ್ಲಿ ಕಳೆದ ಅವಧಿಯೂ ಅದರಲ್ಲೇ ಸೇರುತ್ತದೆ. ಸುಮ್ನೆ ಮುಚ್ಚಿಟ್ಟರೆ ಆಮೇಲೆ ವಸೂಲಿ ನೋಟಿಸು ಬರಬಹುದು. ಅರ್ಜಿಯ ಕೊನೆಯಲ್ಲಿ ಸಹಿ ಹಾಕಿದ ಮುಚ್ಚಳಿಕೆಯಂತೂ ಅವರ ಕೈಯಲ್ಲೇ ಇರುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ, ಪತ್ರದ ಪ್ರತಿ ಲಗತ್ತಿಸಿ ಆ ಫೆಲೋಶಿಪ್‌ನವರಿಗೇ ಮೇಲ್ ಮಾಡಿ. ಅವರು ಕೊಟ್ಟ ಉತ್ತರವನ್ನು ಅರ್ಜಿಯ ಜೊತೆಗೇ ಸೇವ್ ಮಾಡಿಟ್ಟುಕೊಳ್ಳಿ.