ಕತ್ತರಿಸುವ ಮೊದಲಿನ ಮಟ್ಟ

ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿಯ ಎರಡೂ ಬದಿಯ ರನ್ನಿಂಗ್ ಬೋರ್ಡುಗಳನ್ನು ಬದಲಿಸುವ ಕೆಲಸ ಕಳೆದ ತಿಂಗಳು ಮುಗಿಯಿತು. ಕುಂದಾಪುರದ ಮಳೆಯನ್ನೂ ಕಡಲ ಕಡೆಯ ಉಪ್ಪುಗಾಳಿಯನ್ನೂ ಇಷ್ಟು ವರ್ಷ ತಡೆದುಕೊಂಡ ಗಾಡಿಯ ತಳ ತುಕ್ಕು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೆಲಸ ಹಿಡಿದ ಮೂರು ವಾರಗಳಲ್ಲಿ ಕತ್ತರಿಸುವುದಕ್ಕೂ ಬೆಸೆಯುವುದಕ್ಕೂ ಹೋದದ್ದು ಐದಾರು ದಿನ ಮಾತ್ರ. ಉಳಿದ ಕಾಲವೆಲ್ಲ ಗಾಡಿಯನ್ನು ಮಟ್ಟಕ್ಕೆ ತರುವುದರಲ್ಲಿ, ಅಳೆಯುವುದರಲ್ಲಿ, ಅಳೆದದ್ದನ್ನೇ ಮತ್ತೆ ಅಳೆಯುವುದರಲ್ಲಿ ಕಳೆಯಿತು. ಹಾಗೆ ಕಳೆದ ದಿನಗಳ ಬಗ್ಗೆಯೇ ಬರೆಯಬೇಕೆನಿಸಿದೆ, ಏಕೆಂದರೆ ಅವುಗಳ ಬೆಲೆ ನನಗೆ ಗೊತ್ತಾದದ್ದು ಒಮ್ಮೆ ನಷ್ಟ ಅನುಭವಿಸಿದ ಮೇಲೆ.

ಲಾರಿಗೂ ಹಳೆಯ ಜೀಪಿಗೂ ಇರುವಂತೆ ಪದ್ಮಿನಿಗೆ ಬೇರೆಯಾದ ಚಾಸಿಸ್, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ಇಟಲಿಯ ಫಿಯೆಟ್ 1100 ಡಿ ಮಾದರಿಯನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸಿದಾಗಲೂ ವಿನ್ಯಾಸ ಅದೇ ಉಳಿಯಿತು: ತಳದ ತಗಡು, ಪಿಲ್ಲರುಗಳು, ಮೇಲ್ಛಾವಣಿ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆ, ಇವೆಲ್ಲ ಸೇರಿಯೇ ಭಾರ ಹೊರುತ್ತವೆ. ಆ ಟೊಳ್ಳು ತೊಲೆಯನ್ನೇ ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಅದನ್ನು ಕತ್ತರಿಸಿ ತೆಗೆದ ಗಳಿಗೆಯಲ್ಲಿ ಗಾಡಿಯ ಬೆನ್ನೆಲುಬಿನ ಅರ್ಧ ಹೋದಂತೆ. ಆಗ ಗಾಡಿ ಯಾವ ಆಸರೆಯ ಮೇಲೆ ನಿಂತಿದೆಯೋ ಅದಕ್ಕೆ ತಕ್ಕಂತೆ ಬಾಗುತ್ತದೆ, ಮತ್ತು ಹೊಸ ತೊಲೆಯನ್ನು ಬೆಸೆದಾಗ ಆ ಬಾಗಿದ ಆಕಾರವೇ ಅದಕ್ಕೆ ಶಾಶ್ವತವಾಗುತ್ತದೆ.

ಹತ್ತು ವರ್ಷಗಳ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ನಮ್ಮ ಗಾಡಿಗೆ ಆದದ್ದು ಇದೇ. ಎಡಬದಿಯ ನಡುವಿಗೆ ಒಂದೇ ಒಂದು ಜಾಕಿ ಕೊಟ್ಟು, ಬಲಚಕ್ರಗಳನ್ನು ನೆಲದ ಮೇಲೆಯೇ ಬಿಟ್ಟು, ಒಂದು ಮಧ್ಯಾಹ್ನದಲ್ಲಿ ತೊಲೆಯ ಮುಂಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಎಂಜಿನ್ನಿನ ಭಾರಕ್ಕೆ ಮೂಗು ತಗ್ಗಿತ್ತು, ನಡು ಎದ್ದಿತ್ತು. ಗಾಡಿ ಮನೆಗೆ ಬಂದಾಗ ಎಡ ಮುಂಬಾಗಿಲಿನ ಹಿಂದಿನ ಅಂಚಿನಲ್ಲಿ ಮೇಲೆ ಕಿರುಬೆರಳು ತೂರುವಷ್ಟು ಸಂದಿತ್ತು, ಕೆಳಗೆ ಬಣ್ಣ ಉಜ್ಜುತ್ತಿತ್ತು. ಬಾಗಿಲನ್ನು ಕೆಳಕ್ಕೆ ಒತ್ತಿ ಹಾಕಬೇಕಾಗಿತ್ತು. ಹಿಂಜು ಬಗ್ಗಿಸಿ ಸರಿಮಾಡಿಕೊಟ್ಟರು. ಆದರೆ ತಪ್ಪಿದ್ದದ್ದು ಹಿಂಜಿನಲ್ಲಲ್ಲ. ಪ್ರತಿ ಮಳೆಗಾಲದಲ್ಲೂ ಆ ಮೂಲೆಯಿಂದ ನೀರು ಒಳಗಿಳಿದು ಹೊಸ ತಗಡೂ ತುಕ್ಕು ಹಿಡಿಯಿತು.

ಈ ಸಲ ಕೆಲಸ ವಹಿಸಿಕೊಂಡ ಆಚಾರ್ರು ಮೊದಲ ದಿನ ಗ್ರೈಂಡರನ್ನು ಮುಟ್ಟಲೇ ಇಲ್ಲ. ಪೆಟ್ರೋಲ್ ಟ್ಯಾಂಕನ್ನೂ ಬ್ಯಾಟರಿಯನ್ನೂ ಸೀಟುಗಳನ್ನೂ ಬಿಚ್ಚಿಸಿದರು, ಎಂಜಿನ್ನನ್ನು ಅಲ್ಲೇ ಉಳಿಸಿದರು. ನಾಲ್ಕು ಸ್ಟ್ಯಾಂಡುಗಳಲ್ಲಿ ಎರಡನ್ನು ಮುಂದಿನ ಸಸ್ಪೆನ್ಷನ್ನಿನ ಅಡ್ಡತೊಲೆಯ ಕೆಳಗೂ ಎರಡನ್ನು ಹಿಂದಿನ ಆಕ್ಸಲಿನ ಕೆಳಗೂ ಇಟ್ಟರು. ಓಡುವಾಗ ಭಾರ ಎಲ್ಲಿ ಬೀಳುತ್ತದೆಯೋ ಅಲ್ಲೇ ಆಸರೆ ಇರಬೇಕೆಂಬುದು ಅವರ ಲೆಕ್ಕ. ಗಾಡಿಗಳ ತಗಡು ಕೆಲಸ ಮಾಡುವ ಟಿಂಕರುಗಳಲ್ಲಿ ಕೆಲವರು ಎಂಜಿನ್ ಇಳಿಸಿ ಕೆಲಸ ಮಾಡುವುದೇ ಒಳ್ಳೆಯದೆನ್ನುತ್ತಾರೆ. ಬರೀ ಬಾಡಿಯನ್ನು ಎಲ್ಲ ಕಡೆ ಆನಿಸಿ ನಿಲ್ಲಿಸುವುದಾದರೆ ಅದೂ ಸರಿಯೇ. ಅರ್ಧ ಭಾರ ಇಳಿಸಿ ಅರ್ಧ ಉಳಿಸುವುದು ಮಾತ್ರ ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯದ ದಾರಿ.

ಗ್ಯಾರೇಜಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಆದ್ದರಿಂದ ನೆಲದಿಂದ ಅಳೆದ ಎತ್ತರವನ್ನು ನಂಬುವಂತಿಲ್ಲ. ಗಾರೆ ಕೆಲಸದವರು ಅಡಿಪಾಯದ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನೇ ಆಚಾರ್ರು ತಂದರು. ನೀರಿಗೆ ಒಂದಿಷ್ಟು ನೀಲಿ ಬೆರೆಸಿ, ಪೈಪಿನೊಳಗೆ ಒಂದು ಗುಳ್ಳೆಯೂ ಉಳಿಯದಂತೆ ಬೆರಳಿನಿಂದ ತಟ್ಟುತ್ತಾ ತುಂಬಿಸಿದರು. ಒಂದು ತುದಿಯನ್ನು ಬಲ ಮುಂದಿನ ಬೋಲ್ಟಿನ ಪಕ್ಕ ಅವರು ಹಿಡಿದರೆ ಇನ್ನೊಂದನ್ನು ಎಡಬದಿಯ ಜೊತೆ ಬೋಲ್ಟಿನ ಪಕ್ಕ ನಾನು ಹಿಡಿದೆ. ನೀರು ಮೇಲೆ ಕೆಳಗೆ ತೂಗಾಡಿ ನಿಲ್ಲುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಎಡಗಡೆ 7 ಮಿಲಿಮೀಟರ್ ತಗ್ಗು. ಸ್ಟ್ಯಾಂಡಿನ ತಲೆಗೆ ತಗಡಿನ ತುಂಡುಗಳನ್ನು ಒಂದೊಂದಾಗಿ ಕೊಟ್ಟು ಅದನ್ನು ಸರಿದೂಗಿಸಲು ಸಂಜೆಯಾಯಿತು. ಅಳತೆಗೆ ಆರಿಸಿಕೊಂಡ ಜಾಗಗಳೆಲ್ಲ ಸಸ್ಪೆನ್ಷನ್ ಬೋಲ್ಟುಗಳು ಮತ್ತು ಹಿಂದಿನ ಪಟ್ಟಿ ಸ್ಪ್ರಿಂಗಿನ ಕೊಂಡಿಗಳು. ಹೊರಗಿನ ತಗಡುಗಳು ಎಷ್ಟೋ ಸಲ ಬಡಿತ ತಿಂದಿರುತ್ತವೆ, ಅವುಗಳ ಸಾಕ್ಷ್ಯ ನಡೆಯದು.

ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಗಾಡಿ ಭೂಮಿಗೆ ಸಮಮಟ್ಟವಾಗಿರಲೇಬೇಕೆಂಬ ನಿಯಮವೇನೂ ಇಲ್ಲ. ಮೂಗು ಒಂದಿಂಚು ಮೇಲಿದ್ದರೂ ನಡೆಯುತ್ತದೆ. ಮುಂದಿನ ಎಡಬಲ ಬೋಲ್ಟುಗಳನ್ನು ಸೇರಿಸುವ ಅಡ್ಡಗೆರೆಗೂ ಹಿಂದಿನ ಅಂಥದೇ ಅಡ್ಡಗೆರೆಗೂ ನಡುವೆ ತಿರುಚು ಇರಬಾರದು, ಅಷ್ಟೇ. ಆ ಎರಡನ್ನೂ ಹೋಲಿಸಿ ನೋಡಲು ಸಮಮಟ್ಟವೇ ಎಲ್ಲಕ್ಕಿಂತ ಸುಲಭದ ಆಧಾರ, ಆದ್ದರಿಂದ ಅದರ ಹಿಂದೆ ಬೀಳುತ್ತೇವೆ. ಸ್ಟ್ಯಾಂಡುಗಳ ನಡುವೆ ನಡು ಜೋತುಬೀಳುವುದನ್ನು ಮಾತ್ರ ಈ ಮಟ್ಟ ತೋರಿಸದು, ಅದನ್ನು ಹೇಳುವುದು ಬಾಗಿಲಿನ ಸಂದಿ.

ಎರಡನೆಯ ದಿನ ಅದೇ ಬೋಲ್ಟುಗಳಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ದಾರ ಎಳೆದೆವು. ಮನೆಯ ಪಾಯ ತೆಗೆಯುವಾಗ ನೋಡುವಂತೆಯೇ, ಎರಡು ಕರ್ಣಗಳೂ ಸಮವಾಗಿದ್ದರೆ ಚೌಕ ನೆಟ್ಟಗಿದೆ ಎಂದರ್ಥ. 6 ಮಿಲಿಮೀಟರ್ ವ್ಯತ್ಯಾಸ ಬಂತು. ಹಳೆಯ ಬೆಸುಗೆಯ ಪಾಪ ಅಲ್ಲಿತ್ತು.

ಆ ಮೇಲೆ ಬಂದದ್ದು ಆಸರೆಕಟ್ಟು. ಒಂದಿಂಚಿನ ಸ್ಕ್ವೇರ್ ಪೈಪುಗಳನ್ನು ಮುಂದಿನ ಪಿಲ್ಲರಿನಿಂದ ನಡುವಿನದಕ್ಕೂ ಅಲ್ಲಿಂದ ಹಿಂದಿನದಕ್ಕೂ, ಎಡಬದಿಯಿಂದ ಬಲಬದಿಗೂ ಬೆಸೆದು ಗಾಡಿಯೊಳಗೇ ಒಂದು ಪಂಜರ ಮಾಡಿದರು. ಪೈಪುಗಳೆಲ್ಲ ಒಳಬದಿಯಲ್ಲೇ ಇದ್ದುದರಿಂದ ಬಾಗಿಲುಗಳನ್ನು ಹಾಕಿ ನೋಡಲು ಅಡ್ಡಿಯಿರಲಿಲ್ಲ. "ಬಾಗಿಲು ತೆಗೆದಿಟ್ಟು ಕೆಲಸ ಮಾಡಿದ್ರೆ ಗಾಡಿ ಏನು ಹೇಳ್ತದೆ ಅಂತ ಕೇಳೂದು ಹೇಗೆ ಮಾಷ್ಟ್ರೇ?" ಎಂದರು. ಹಲಸಿನ ಮರದ ಒಂದು ಚಕ್ಕೆಯನ್ನು 5 ಮಿಲಿಮೀಟರಿಗೆ ಉಜ್ಜಿ ನನ್ನ ಕೈಗೆ ಕೊಟ್ಟರು. ಬಾಗಿಲಿನ ಸಂದಿಯುದ್ದಕ್ಕೂ ಅದನ್ನು ಜಾರಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ಗಂಟೆಗೊಮ್ಮೆ ಹೇಳುವುದು ನನ್ನ ಕೆಲಸವಾಯಿತು.

ಕತ್ತರಿಸಿದ್ದು ಮೊದಲು ಎಡಬದಿಯನ್ನು. ಬಲಬದಿ ತುಕ್ಕು ಹಿಡಿದಿದ್ದರೂ ಅದರ ಆಕಾರ ಕಾರ್ಖಾನೆಯದೇ. ಅದನ್ನು ಅಳತೆಗೋಲಾಗಿ ಉಳಿಸಿಕೊಳ್ಳುವುದು ಅಗತ್ಯವಾಗಿತ್ತು. ಹಳೆಯ ಬೆಸುಗೆಯನ್ನು ಕಡಿದಾಗ ತಗಡು ಟಕ್ಕೆಂದು ಸದ್ದುಮಾಡಿ ಸಡಿಲವಾಯಿತು. ಆ ಬದಿಯ ಪೈಪೊಂದನ್ನು ಬಿಡಿಸಿ, ಅದರ ಜಾಗದಲ್ಲಿ ತಿರುಪಿನ ಸರಳು ಹಾಕಿ ಸುತ್ತು ಸುತ್ತಾಗಿ ಎಳೆದಾಗ ಕರ್ಣಗಳ ವ್ಯತ್ಯಾಸ 2 ಮಿಲಿಮೀಟರಿಗೆ ಇಳಿಯಿತು. ಇನ್ನೂ ಎಳೆದರೆ ಮುಂದಿನ ಗಾಜಿನ ಚೌಕಟ್ಟಿಗೆ ಹೊರೆಯಾಗುತ್ತದೆಂದು ಅಲ್ಲಿಗೆ ನಿಲ್ಲಿಸಿದೆವು.

ಬೆಸೆಯುವಾಗ ಶತ್ರು ಬಿಸಿ. ಒಂದು ಮೀಟರ್ ಉಕ್ಕು 100 ಡಿಗ್ರಿ ಕಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಬೆಸುಗೆಯ ಜಾಗ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಾಯುತ್ತದೆ, ಸುತ್ತಲಿನ ತಣ್ಣನೆಯ ತಗಡು ಅದನ್ನು ಹಿಗ್ಗಲು ಬಿಡದೆ ಹಿಸುಕುತ್ತದೆ, ಆರಿದ ಮೇಲೆ ಅದು ಮೊದಲಿಗಿಂತ ಗಿಡ್ಡವಾಗಿ ಪಕ್ಕದ್ದನ್ನೂ ಸೆಳೆದುಕೊಳ್ಳುತ್ತದೆ. ಆದ್ದರಿಂದ ಒಂದೇ ಉಸಿರಿಗೆ ಉದ್ದ ಗೆರೆ ಎಳೆಯದೆ, ಉಗುರಿನಷ್ಟು ಬೆಸೆದು ಎರಡಡಿ ಆಚೆ ಹೋಗಿ, ಅಲ್ಲಿಂದ ಇನ್ನೊಂದು ತುದಿಗೆ ಬಂದು, ಮುಂಗೈ ಇಟ್ಟು ಆರಿದೆಯೆಂದು ಖಾತ್ರಿಯಾದ ಮೇಲೆಯೇ ಪಕ್ಕದ ಉಗುರಿಗೆ ಕೈಹಾಕಿದರು. ದೊಡ್ಡ ಗ್ಯಾರೇಜುಗಳಲ್ಲಿ ಅಪಘಾತದ ಕಾರುಗಳನ್ನು ಫ್ರಾನ್ಸಿನ ಸೆಲೆಟ್‌ನಂಥ ಕಬ್ಬಿಣದ ಬೆಂಚಿಗೆ ಬಿಗಿದು, ಕಾರು ತಯಾರಿಸಿದ ಕಂಪನಿಯ ಅಳತೆಗೆ ಪ್ರತಿ ಬಿಂದುವನ್ನೂ ಹಿಡಿದಿಡುತ್ತಾರೆ. ನಮ್ಮಲ್ಲಿದ್ದದ್ದು ನೀಲಿ ನೀರು ಮತ್ತು ಹಲಸಿನ ಚಕ್ಕೆ.

ಬಲಬದಿ ನಾಲ್ಕೇ ದಿನದಲ್ಲಿ ಮುಗಿಯಿತು. ಪಂಜರವನ್ನು ಕಡಿದು ತೆಗೆಯುವ ಮುನ್ನ ಒಮ್ಮೆ, ತೆಗೆದ ಮೇಲೆ ಒಮ್ಮೆ ನೀರಿನ ಮಟ್ಟ ನೋಡಿದೆವು. ನೀರು 1 ಮಿಲಿಮೀಟರಷ್ಟು ಕದಲಿತ್ತು. ಎಡ ಮುಂಬಾಗಿಲು ಈಗ ಒಂದು ಕೈಯ ನೂಕಿಗೆ ಕೂರುತ್ತದೆ. ಅದರ ಮೇಲಿನ ಮೂಲೆಯಲ್ಲಿ ಚಕ್ಕೆ ಈಗಲೂ ತುಸು ಸಡಿಲವಾಗಿಯೇ ಜಾರುತ್ತದೆ.